ಬೆಟ್ಟಮ್ಮನ ಮೆಷಿನ್ನಿನ ಬೊಟ್ಟು

ಏಪ್ರಿಲ್ 7, ಸೋಮವಾರ. ಹೊಳೆನರಸೀಪುರ

ಇಂದಿನಿಂದ ನಾನು ಸೂಪರ್‌ವೈಸರ್. ಇಪ್ಪತ್ತೆರಡು ಹೊಲಿಗೆ ಮೆಷಿನ್, ಇಪ್ಪತ್ತೆರಡು ಹೆಂಗಸರು. ಶಾಲೆ ಮಕ್ಕಳ ಯೂನಿಫಾರ್ಮ್ ಶರ್ಟು ಹೊಲಿಯುವ ಈ ಶೆಡ್ಡು ಮೊದಲು ಅಕ್ಕಿ ಗಿರಣಿಯಾಗಿತ್ತು. ಗೋಡೆಯ ಮೇಲೆ ಗಿರಣಿಯ ಹೆಸರು ಇನ್ನೂ ಅರ್ಧ ಉಳಿದಿದೆ. ಮೊದಲು ಅದನ್ನು ಅಳಿಸಬೇಕು. ಹಳತನ್ನು ಗೋಡೆಯ ಮೇಲೆ ಇಟ್ಟುಕೊಂಡು ಹೊಸತನ್ನು ಕಟ್ಟಲಾಗದು.

ಯಜಮಾನರು ಶಶಿಕಿರಣ್ ಒಳ್ಳೆಯವರೇ, ಆದರೆ ಧೈರ್ಯವಿಲ್ಲ. ಚಹಾ ತರಿಸಿ ನೇರವಾಗಿ ಹೇಳಿದರು: “ನೋಡಪ್ಪ ಹರ್ಷ, ಹಾಸನದ ಒಂದು ಕಂಪನಿಯೋರು ಮುನ್ನೂರು ಶರ್ಟು ಪರೀಕ್ಷೆಗೆ ಅಂತ ಕೊಟ್ಟವ್ರೆ. ಪಾಸಾದ್ರೆ ವರ್ಷಪೂರ್ತಿ ಕೆಲ್ಸ. ಫೇಲಾದ್ರೆ ಮೆಷಿನ್ ಮಾರಿ ಶೆಡ್ಡನ್ನ ಸಿಮೆಂಟ್ ಗೋಡೌನಿಗೆ ಕೊಟ್ಬಿಡ್ತೀನಿ. ಕೇಳ್ಕೊಂಡು ಬಂದಿರೋರು ಇದಾರೆ.”

ಪಾಸ್ ಮಾಡಿಸುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟೆ. ಐಟಿಐ ಬಿಟ್ಟರೆ ನನಗೆ ದೊಡ್ಡ ಓದಿಲ್ಲ ನಿಜ. ಆದರೆ ಟ್ರಂಕಿನಲ್ಲಿ ನೂರ ನಲವತ್ತು ಕಿರುಹೊತ್ತಿಗೆಗಳಿವೆ. ವಿಜ್ಞಾನ ಮೇಳದಲ್ಲಿ, ಸಂಘದ ಸಭೆಗಳಲ್ಲಿ, ಹಾಸನದ ವಸ್ತುಪ್ರದರ್ಶನದಲ್ಲಿ ಒಂದೊಂದೇ ಕೂಡಿಸಿದ್ದು. ಅವುಗಳಲ್ಲಿ ಶ್ರೇಷ್ಠವಾದದ್ದು ಎಂಟು ಪುಟದ ‘ಕೆಲಸದ ಜಾಗದಲ್ಲಿ ಹೊಸತನಕ್ಕೆ ಏಳು ಅಡ್ಡಿಗಳು’. ಏಳನ್ನೂ ಬಾಯಿಪಾಠ ಮಾಡಿದ್ದೇನೆ. ಒಂದೊಂದನ್ನೇ ಉರುಳಿಸುತ್ತೇನೆ.

ಏಪ್ರಿಲ್ 8, ಮಂಗಳವಾರ

ಸಲಹೆ ಪೆಟ್ಟಿಗೆ ಇಟ್ಟೆ. ಬಿಸ್ಕತ್ತಿನ ಡಬ್ಬಕ್ಕೆ ನಾನೇ ಹಸಿರು ಬಣ್ಣ ಹೊಡೆದು ಸೀಳು ಮಾಡಿದ್ದು. ಜೊತೆಗೆ ನೂರು ನಮೂನೆಗಳನ್ನು ಜೆರಾಕ್ಸ್ ಮಾಡಿಸಿದೆ: ಸಲಹೆ ಏನು, ಅದರಿಂದ ಉಳಿಯುವ ಸಮಯ ಎಷ್ಟು, ಸಲಹೆ ನೀಡಿದವರ ಹೆಸರು.

ಚಹಾ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಮಾತನಾಡಿದೆ. ಹೊಸತನವೆಂದರೆ ದೊಡ್ಡವರ ಸೊತ್ತಲ್ಲ, ದುಡಿಯುವ ಕೈಯಲ್ಲೇ ಅದರ ಬೀಜವಿದೆ ಎಂದೆ. ಏಳು ಅಡ್ಡಿಗಳನ್ನು ಬೆರಳು ಮಡಚಿ ವಿವರಿಸಿದೆ. ಭಯ, ರೂಢಿ, ಮೌಢ್ಯ ಎಂಬ ಮೂರಕ್ಕೆ ಹೆಚ್ಚು ಒತ್ತು ಕೊಟ್ಟೆ. ಎಲ್ಲರೂ ಬಹಳ ಗಮನವಿಟ್ಟು ಕೇಳಿದರು.

ಮುಗಿದ ಮೇಲೆ ಮೂರನೇ ಮೆಷಿನ್ನಿನ ಕೋಮಲಾ ಎದ್ದು ನಿಂತಳು. ಮೂವತ್ತೈದರ ಒಳಗಿನವಳು, ಎಲ್ಲಕ್ಕೂ ಮುಂದೆ.

“ಒಂದ್ ಡೌಟು ಸಾ.”

“ಕೇಳಿ.”

“ಆ ಏಳ್ರಲ್ಲಿ ಸೂಪರ್‌ವೈಸರ್ರು ಎಷ್ಟನೇದು?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಪ್ರಶ್ನಿಸುವ ಮನೋಭಾವ ಒಳ್ಳೆಯದು ಎಂದು ಉತ್ತರಿಸಿದೆ.

ಏಪ್ರಿಲ್ 11, ಶುಕ್ರವಾರ

ಪೆಟ್ಟಿಗೆ ತೆರೆದೆ. ಒಂದು ಅರಕಲಗೂಡಿನ ಬಸ್ ಟಿಕೆಟ್ಟು, ಕಡಲೆಮಿಠಾಯಿಯ ಕಾಗದ, ಒಂದು ನಮೂನೆ. ನಮೂನೆಯಲ್ಲಿ ‘ಫ್ಯಾನ್ ಹಾಕ್ಸಿ’ ಎಂದಷ್ಟೇ ಇದೆ. ಉಳಿಯುವ ಸಮಯದ ಕಡೆ ಗೆರೆ ಎಳೆದಿದ್ದಾರೆ. ಹೆಸರಿಲ್ಲ.

ಅಡ್ಡಿ ಸಂಖ್ಯೆ ಒಂದು: ಭಯ.

ಏಪ್ರಿಲ್ 12, ಶನಿವಾರ

ಇಂದು ದೊಡ್ಡ ಹೆಜ್ಜೆ. ಮಧ್ಯಾಹ್ನದ ಮೇಲೆ ಕೆಲಸ ನಿಲ್ಲಿಸಿ ಶೆಡ್ಡನ್ನು ಪೂರ್ತಿ ಸ್ವಚ್ಛ ಮಾಡಿಸಿದೆ. ಮೂಲೆಯಲ್ಲಿ ಕಟ್ಟಿಟ್ಟ ಚಿಂದಿ, ಕಿಟಕಿಯಲ್ಲಿನ ಮುರುಕಲು ಬಾಚಣಿಗೆ, ಎರಡು ವರ್ಷದ ಹಿಂದಿನ ಕ್ಯಾಲೆಂಡರು ಎಲ್ಲ ಹೊರಗೆ.

ಆಗಲೇ ಕಣ್ಣಿಗೆ ಬಿದ್ದದ್ದು. ಮೆಷಿನ್ನಿನ ಸೂಜಿಯ ಬಲಗಡೆ, ಉಕ್ಕಿನ ತಟ್ಟೆಯ ಮೇಲೆ, ಹಣೆಗೆ ಇಡುವ ಬೊಟ್ಟಿನ ಸ್ಟಿಕ್ಕರುಗಳು. ಒಂದರಲ್ಲಿ ಅಲ್ಲ, ಹದಿನಾರು ಮೆಷಿನ್ನುಗಳಲ್ಲಿ. ದೊಡ್ಡದೊಂದು, ಚಿಕ್ಕದೊಂದು, ಮಖಮಲ್ಲಿನವು.

“ಇದೇನು?” ಎಂದೆ.

ಎಲ್ಲರೂ ಏಳನೇ ಮೆಷಿನ್ನಿನ ಬೆಟ್ಟಮ್ಮನ ಕಡೆ ನೋಡಿದರು. ಇವರೇ ಇಲ್ಲಿ ಹಿರಿಯರು, ಅರವತ್ತರ ಹತ್ತಿರ. ಆಕೆ ಕನ್ನಡಕ ಒರೆಸುತ್ತ ಕೂತಿದ್ದರು. ಕೊನೆಗೆ ಕೋಮಲಾ ಹೇಳಿದಳು: “ಆಯುಧಪೂಜೇಲಿ ಅಂಟ್ಸಿದ್ದು ಸಾ. ಕುಂಕುಮ ಆದ್ರೆ ಬಟ್ಟೆಗ್ ಅಂಟ್ಕತದೆ, ಅದ್ಕೇ ಸ್ಟಿಕ್ಕರು.”

ಕುಂಕುಮ ಬಟ್ಟೆ ಕೆಡಿಸುತ್ತದೆ ಎಂಬ ಅರಿವಿದೆ, ಪೂಜೆ ಬಿಡುವ ಧೈರ್ಯವಿಲ್ಲ. ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಯಂತ್ರ ಓಡುವುದು ಎಣ್ಣೆ ಮತ್ತು ವಿದ್ಯುತ್ತಿನಿಂದ, ಬೊಟ್ಟಿನಿಂದಲ್ಲ ಎಂದು ಹತ್ತು ನಿಮಿಷ ತಿಳಿಸಿ ಹೇಳಿದೆ. ಆಮೇಲೆ ಬ್ಲೇಡು, ಸೀಮೆಎಣ್ಣೆ ಬಟ್ಟೆ ಹಿಡಿದು ನಾನೇ ಒಂದೊಂದನ್ನೂ ಕೆರೆದೆ. “ಔದು ಸಾ, ತಪ್ಪಾಯ್ತು ಸಾ” ಎಂದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆ ಎಂದುಕೊಂಡಿರಲಿಲ್ಲ.

ನಾನು ಮುಂದಿನ ಮೆಷಿನ್ನಿಗೆ ಹೋದಾಗ ತಿರುಗಿ ನೋಡಿದರೆ, ಹಲ್ಲು ಕಿತ್ತ ಜಾಗವನ್ನು ನಾಲಿಗೆ ತಡವುವ ಹಾಗೆ, ಬೆಟ್ಟಮ್ಮನ ತೋರುಬೆರಳು ಆ ಬೋಳು ಜಾಗದ ಮೇಲೆ ಆಡುತ್ತಿತ್ತು.

ಏಪ್ರಿಲ್ 15, ಮಂಗಳವಾರ

ಹೊಲಿಗೆ ಕೆಟ್ಟಿದೆ. ಪಕ್ಕದ ಜೋಡಣೆ ಅರ್ಧ ಅಂಗುಲ ಒಳಗೆ ಬರಬೇಕು, ಒಂದು ಕಡೆ ಅರ್ಧ, ಇನ್ನೊಂದು ಕಡೆ ಮುಕ್ಕಾಲು. ಜೇಬಿನ ಅಂಚು ಹಾವು ಹರಿದ ಹಾಗಿದೆ. ಪ್ರತಿ ಮೆಷಿನ್ನಿಗೆ ಒಂದು ಟೇಪು ಕೊಟ್ಟು, ಹೊಲಿದ ಪ್ರತಿಯೊಂದನ್ನೂ ಅಳೆಯಿರಿ ಎಂದೆ. ಅಳೆಯುತ್ತಿದ್ದಾರೆ. ಅಳೆಯುವುದರಲ್ಲೇ ಹೊತ್ತು ಹೋಗುತ್ತಿದೆ.

ಇದು ಬೇಕೆಂದೇ ಮಾಡುತ್ತಿರುವುದು. ಬದಲಾವಣೆಗೆ ಪ್ರತಿರೋಧ. ಪುಟ ಐದು.

ಏಪ್ರಿಲ್ 21, ಸೋಮವಾರ

ಫೇಲು.

ಕಂಪನಿಯಿಂದ ತಪಾಸಣೆಗೆ ಬಂದವಳು ನಿಸರ್ಗ ಎಂಬ ಹುಡುಗಿ. ನನ್ನ ವಯಸ್ಸಿನವಳೇ. ಮುನ್ನೂರರಲ್ಲಿ ನಲವತ್ತು ಶರ್ಟು ಎಳೆದು ತೆಗೆದು ಮೇಜಿನ ಮೇಲೆ ಹರಡಿ ಅಳೆದಳು. ಇಪ್ಪತ್ತಾರು ತಿರಸ್ಕಾರ. ಬೈಯಲಿಲ್ಲ. “ಹೋದ ತಿಂಗಳು ನಿಮ್ಮ ಮಾದರಿ ಶರ್ಟು ನೋಡಿ ತುಂಬಾ ಚೆನ್ನಾಗಿದೆ ಅಂತ ನಾನೇ ಬರೆದಿದ್ದೆ ಸರ್. ಏನಾಯ್ತು ಈ ಮಧ್ಯೆ?” ಎಂದಳು.

ಈ ಮಧ್ಯೆ ಆಗಿದ್ದು ಎಂದರೆ ನಾನು.

ಯಜಮಾನರು ಬಹಳ ಕೇಳಿಕೊಂಡ ಮೇಲೆ ಇನ್ನೊಂದು ಅವಕಾಶ ಕೊಟ್ಟಳು. ಬಟ್ಟೆ ಮತ್ತೆ ಕಳಿಸುತ್ತಾರೆ, ಮೇ 5ಕ್ಕೆ ಮತ್ತೆ ಬರುತ್ತಾಳೆ. ಅವಳು ಹೋದ ಮೇಲೆ ಸಿಮೆಂಟಿನವನು ಬಂದು ಶೆಡ್ಡಿನ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದ. ಇಪ್ಪತ್ತೆರಡು ಮೆಷಿನ್ನುಗಳ ನಡುವೆಯೇ ನಡೆದ. ಹೆಂಗಸರು ತಲೆ ಎತ್ತದೆ ಹೊಲಿಯುತ್ತಿದ್ದರು.

ಏಪ್ರಿಲ್ 23, ಬುಧವಾರ

ಊಟದ ಹೊತ್ತಿನಲ್ಲಿ ಬಸ್ ಸ್ಟಾಂಡಿನ ಪಕ್ಕದ ಫ್ಯಾನ್ಸಿ ಸ್ಟೋರಿನ ಮುಂದೆ ಬೆಟ್ಟಮ್ಮನನ್ನು ಕಂಡೆ. ಬೊಟ್ಟಿನ ಪಾಕೀಟುಗಳನ್ನು ಬೆಳಕಿಗೆ ಹಿಡಿದು ಆರಿಸುತ್ತಿದ್ದರು. ಆಕೆಗೆ ಗಂಡ ಹೋಗಿ ಆರು ವರ್ಷ ಎಂದು ಕೋಮಲಾ ಹಿಂದೆ ಹೇಳಿದ್ದಳು. ಹಣೆ ಅಂದಿನಿಂದ ಬರಿದು.

ನನ್ನ ಮೈ ಜುಮ್ಮೆಂದಿತು. ಯಾರ ಭಾಷಣವೂ ಇಲ್ಲದೆ, ತಾನಾಗಿ, ಒಬ್ಬ ಹೆಂಗಸು ಎಷ್ಟೋ ಕಾಲದ ಕಟ್ಟನ್ನು ಮುರಿಯುತ್ತಿದ್ದಾಳೆ. ಹತ್ತಿರ ಹೋಗಿ, “ಬೆಟ್ಟಮ್ಮ, ನೀವು ಮಾಡ್ತಿರೋದು ಸರಿ. ಧೈರ್ಯವಾಗಿ ಇಟ್ಟುಕೊಳ್ಳಿ. ಯಾರಾದರೂ ಆಡಿಕೊಂಡರೆ ನಾನಿದ್ದೇನೆ” ಎಂದೆ.

ಆಕೆ ನನ್ನ ಮುಖ ನೋಡಿದರು, ಪಾಕೀಟು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. ಅಂಗಡಿಯವನು ನೀರು ಕೊಟ್ಟ.

“ಇಡ್ಕತೀನಿ ಕಣ್ ಮಗ, ಇಡ್ಕತೀನಿ. ನೀನು ಊಟ ಮಾಡ್ದ್ಯಾ?” ಎಂದರು.

ಸಂಜೆ ಟ್ರಂಕಿನಿಂದ ವಿಧವೆಯರ ಹಕ್ಕಿನ ಕುರಿತ ಹೊತ್ತಿಗೆ ಹುಡುಕಿ ತೆಗೆದಿಟ್ಟಿದ್ದೇನೆ.

ಏಪ್ರಿಲ್ 25, ಶುಕ್ರವಾರ

ನಿನ್ನೆ ಕೊಟ್ಟ ಹೊತ್ತಿಗೆಯ ಹೊದಿಕೆ ಇವತ್ತು ಬೆಟ್ಟಮ್ಮನ ಮೆಷಿನ್ನಿನ ಮೇಲಿತ್ತು, ಜೇಬಿನ ಆಕಾರಕ್ಕೆ ಕತ್ತರಿಸಿ. “ರಟ್ಟು ಬಲೇ ಗಟ್ಟಿ ಸಾ, ಮಡಚೋಕೆ ಒಳ್ಳೇ ಅಳತೆ” ಎಂದರು. ಒಳಗಿನ ಪುಟಗಳು? “ಕೋಮಲಾ ಓದ್ತಾವ್ಳೆ. ನಂಗೆ ಅಕ್ಷರ ಸಣ್ದು.”

ಹಣೆಯಲ್ಲಿ ಬೊಟ್ಟಿರಲಿಲ್ಲ.

ಏಪ್ರಿಲ್ 27, ಭಾನುವಾರ. ಊರು

ಶಾಂತಿಗ್ರಾಮದಲ್ಲಿ ಬಸ್ಸಿಳಿದು ನಡೆದೇ ಬಂದೆ. ಬೊಟ್ಟು ಕೊಂಡು ಹಣೆಗಿಡದ ಹೆಂಗಸಿನ ವಿಷಯ ಹೇಳಿ, ಯಾಕಿರಬಹುದು ಎಂದು ಅವ್ವನನ್ನು ಕೇಳಿದೆ.

“ನೀನು ಹೊಲ್ಗೆ ಕಲ್ಸಕ್ಕೆ ಹೋದ್ಯೋ, ಹೆಂಗಸ್ರ ಹಣೆ ಎಣ್ಸಕ್ಕೆ ಹೋದ್ಯೋ?” ಎಂದಳು.

ಹೊಲಿಗೆ ಕಲಿಸಲು. ಆದರೆ ನನಗೆ ಹೊಲಿಯಲು ಬರುವುದಿಲ್ಲ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ಏಪ್ರಿಲ್ 28, ಸೋಮವಾರ

ಎಲ್ಲವನ್ನೂ ಬರೆಯಬೇಕು.

ಒಂಬತ್ತಕ್ಕೆ ಕರೆಂಟು ಹೋಗುವುದಿತ್ತು, ಅದಕ್ಕೆ ಏಳೂವರೆಗೇ ಶೆಡ್ಡಿಗೆ ಹೋದೆ. ಬಾಗಿಲು ತೆರೆದಿತ್ತು. ಬೆಟ್ಟಮ್ಮ ಒಬ್ಬರೇ. ಸೂಜಿಗೆ ಒಂದು ಬೆಂಕಿಪೊಟ್ಟಣವನ್ನು ಅಡ್ಡವಾಗಿ ಒತ್ತಿ ಹಿಡಿದು, ಪೊಟ್ಟಣದ ಆಚೆ ಅಂಚು ಮುಟ್ಟುವ ಕಡೆ ಮರೂನ್ ಬಣ್ಣದ ಬೊಟ್ಟು ಅಂಟಿಸುತ್ತಿದ್ದರು. ಬೆಂಕಿಪೊಟ್ಟಣದ ದಪ್ಪ ಅರ್ಧ ಅಂಗುಲ.

ನಾನು ಬಾಗಿಲಲ್ಲೇ ನಿಂತೆ. ನನ್ನನ್ನು ನೋಡಿಯೂ ಅವರ ಕೈ ನಿಲ್ಲಲಿಲ್ಲ.

“ಬೆಟ್ಟಮ್ಮ, ಇದು ಪೂಜೆ ಅಲ್ಲ ಅಲ್ವಾ?”

“ಬೆಂಕಿಪಟ್ನ ಇಟ್ಕೊಂಡು ಅಳೆದು ಯಾರ್ಲಾ ಮಗ ಪೂಜೆ ಮಾಡೋರು?”

ಎದ್ದು ಜಾಗ ಬಿಟ್ಟರು. “ಕೂತ್ಕೊ. ಬಟ್ಟೆ ಅಂಚ್ನ ಬೊಟ್ಟಿಗ್ ತಾಗಿಸ್ಕೊ. ಮೇಲೆ ತೋರ್ಬೆಳ್ಳಿಡು. ಈಗ ಕಣ್ಮುಚ್ಕೊ.”

ಕಣ್ಣು ಮುಚ್ಚಿದೆ. ಬಟ್ಟೆ ಸರಿಯುವಾಗ ಅಂಚು ಮಖಮಲ್ಲಿಗೆ ಒರಗಿಕೊಂಡು ಹೋಗುವುದು ಬೆರಳಿಗೆ ಗೊತ್ತಾಗುತ್ತದೆ. ದೂರವಾದರೆ ಬರೀ ಉಕ್ಕು, ತಣ್ಣಗೆ. ಬೊಟ್ಟಿನ ಮೇಲೆ ಹತ್ತಿದರೆ ಉಬ್ಬು. ಒಂದು ಮೊಳ ಹೊಲಿದು ಕಣ್ಣು ತೆರೆದೆ. ಜನ್ಮದಲ್ಲಿ ಮೊದಲ ಬಾರಿ ನಾನು ಹೊಲಿದ ಗೆರೆ ನೇರವಾಗಿತ್ತು.

“ದೊಡ್ದು ಪಕ್ಕದ ಜೋಡ್ಣೆಗೆ, ಚಿಕ್ದು ಜೇಬಿಗೆ. ನಂಗೆ ಕಣ್ಣು ಮಂಜು. ಬೆಳ್ಳೇ ಕಣ್ಣು” ಎಂದರು.

ಹದಿನಾರು ಕಣ್ಣುಗಳನ್ನು ನಾನು ಬ್ಲೇಡಿನಲ್ಲಿ ಕೆರೆದಿದ್ದೆ.

“ಯಾಕೆ ಹೇಳಲಿಲ್ಲ? ಆ ಶನಿವಾರವೇ ಹೇಳಬಹುದಿತ್ತು. ನಾನು ಪೆಟ್ಟಿಗೆ ಬೇರೆ ಇಟ್ಟಿದ್ದೆ.”

ಅಷ್ಟರಲ್ಲಿ ಕೋಮಲಾ ಬಂದಿದ್ದಳು. ಟಿಫನ್ ಬಾಕ್ಸ್ ಇಟ್ಟು ಅವಳೇ ಹೇಳಿದಳು. ನಾಲ್ಕು ವರ್ಷದ ಹಿಂದೆ ಅವಳು ಒಂದು ಉಪಾಯ ಕಂಡುಕೊಂಡಳಂತೆ. ಒಂದು ಜೇಬು ಹೊಲಿದು ದಾರ ಕತ್ತರಿಸದೆ, ಅದರ ಹಿಂದೆಯೇ ಇನ್ನೊಂದನ್ನು ಕೊಟ್ಟು, ಹೂ ಕಟ್ಟಿದ ಹಾಗೆ ಸರವಾಗಿ ಹೊಲಿದು ಕೊನೆಗೆ ಒಟ್ಟಿಗೆ ಕತ್ತರಿಸುವುದು. ಖುಷಿಯಿಂದ ಆಗಿನ ಸೂಪರ್‌ವೈಸರಿಗೆ ತೋರಿಸಿದಳು. ಶಹಬ್ಬಾಸ್ ಎಂದ. ಮುಂದಿನ ಸೋಮವಾರ ಎಲ್ಲರ ಟಾರ್ಗೆಟ್ಟು ದಿನಕ್ಕೆ ನಲವತ್ತು ತುಂಡಿನಿಂದ ಐವತ್ತೈದಕ್ಕೆ ಏರಿತು.

“ಮೂರ್ ತಿಂಗ್ಳು ನನ್ ಜತೆ ಯಾರೂ ಊಟಕ್ ಕೂರ್ಲಿಲ್ಲ ಸಾ. ಟಾರ್ಗೆಟ್ ಕೋಮಲಾ ಅಂತ್ಲೇ ಕರೆಯೋರು. ಬೆಟ್ಟಕ್ಕ ಒಬ್ರೇ ತಟ್ಟೆ ತಂದು ಪಕ್ಕದಲ್ಲಿ ಕೂತಿದ್ದು.”

ಅದಕ್ಕೇ ಆಯುಧಪೂಜೆಯ ಕಥೆ. ಮೂಢರು ಎನಿಸಿಕೊಂಡರೆ ನಷ್ಟವಿಲ್ಲ, ಜಾಣರು ಎನಿಸಿಕೊಂಡರೆ ಹದಿನೈದು ತುಂಡು ಜಾಸ್ತಿ.

ಟಾರ್ಗೆಟ್ಟು ಏರದಂತೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಬೆಟ್ಟಮ್ಮ ತಲೆ ಆಡಿಸಿದರು. “ನಿನ್ ಮಾತು ನಂಬ್ತೀನಿ. ಆದ್ರೆ ನೀನೇನ್ ಇಲ್ಲೇ ಇರ್ತೀಯಾ? ನಾಳೆ ಇನ್ನೊಬ್ಬ ಬತ್ತಾನೆ, ಅವ್ನೂ ಒಂದ್ ಪುಸ್ತಕ ತತ್ತಾನೆ. ಯಜಮಾನ್ರು ಬರ್ದು ಗೋಡೆಗ್ ಅಂಟ್ಸಲಿ. ಆಗ ಇಪ್ಪತ್ತೆರಡಕ್ಕೂ ನಾನೇ ಇಟ್ ಕೊಡ್ತೀನಿ.”

“ಬರೆಯದಿದ್ದರೆ? ಶೆಡ್ಡೇ ಹೋಗುತ್ತಲ್ಲ.”

“ಓಗ್ಲಿ. ಐವತ್ತೈದು ಎಪ್ಪತ್ತಾದ್ರೆ ನಾನಂತೂ ಇರಲ್ಲ. ಈ ಬೆನ್ನು ತಡೆಯಲ್ಲ.”

ಏಪ್ರಿಲ್ 29, ಮಂಗಳವಾರ

ಯಜಮಾನರ ಕೋಣೆಯಲ್ಲಿ ಒಂದೂವರೆ ಗಂಟೆ.

“ಏನ್ ಹರ್ಷ, ಸ್ಟ್ರೈಕಾ?”

“ಇಲ್ಲ ಸರ್. ಹೊಲಿಗೆ ಸರಿ ಮಾಡುವ ದಾರಿ ಅವರ ಹತ್ತಿರ ಇದೆ. ಅದಕ್ಕೆ ಟಾರ್ಗೆಟ್ ಏರಿಸಲ್ಲ ಅಂತ ನೀವು ಬರೆದುಕೊಡಬೇಕು.”

“ದಾರಿ ಏನು ಅಂತ ಹೇಳು ಮೊದ್ಲು.”

“ಹೇಳಿದ ಮೇಲೆ ನೀವು ಬರೆದುಕೊಡಲ್ಲ. ಅದಕ್ಕೇ ಬರೆಯೋದು ಮೊದಲು.”

ಅವರಿಗೆ ಸಿಟ್ಟು ಬಂತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ಯಾರು, ಸಂಬಳ ಕೊಡುವುದು ಯಾರು ಎಂದೆಲ್ಲ ಕೇಳಿದರು. ಎರಡಕ್ಕೂ ನೀವೇ ಎಂದೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನನಗೆ ಯಾವುದಾದರೂ ಪುಟದ ಸಾಲು ನೆನಪಿಗೆ ಬರುತ್ತದೆ. ಬರಲಿಲ್ಲ. ಕೋಮಲಾ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಉಂಡದ್ದನ್ನು ಹೇಳಿದೆ.

ಶಶಿಕಿರಣ್ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. “ಟಾರ್ಗೆಟ್ ಏರಿಸಿದ್ದು ಆಗಿನ ಸೂಪರ್‌ವೈಸರ್ ಅಲ್ಲ ಕಣಪ್ಪ. ನಾನೇ ಹೇಳಿದ್ದು. ಆಗ ಅದು ಜಾಣತನ ಅನ್ಸಿತ್ತು” ಎಂದರು.

ಮೇಜಿನ ಮೇಲೆ ಬೇರೆ ಕಾಗದ ಇರಲಿಲ್ಲ. ನನ್ನ ಸಲಹೆ ನಮೂನೆಯ ಹಿಂಬದಿಯಲ್ಲಿ ಬರೆದರು: ‘ಹೊಲಿಯುವವರು ಕಂಡುಕೊಂಡ ಸುಲಭದ ದಾರಿಯಿಂದ ಉಳಿದ ಸಮಯ ಹೊಲಿಯುವವರದು. ಅದಕ್ಕಾಗಿ ಟಾರ್ಗೆಟ್ ಏರಿಸುವುದಿಲ್ಲ.’ ಸಹಿ ಹಾಕಿ, ತಾರೀಕು ಹಾಕಿ, “ಈಗ ಹೇಳು, ಏನದು?” ಎಂದರು.

ಹೇಳಿದೆ. ಅವರು ತಮ್ಮ ಹಣೆ ಮುಟ್ಟಿಕೊಂಡು ಕುರ್ಚಿಯಲ್ಲಿ ಕೂತರು.

ಕಾಗದವನ್ನು ಅಕ್ಕಿ ಗಿರಣಿಯ ಹೆಸರಿನ ಕೆಳಗೆ ಅಂಟಿಸಿದೆವು. ಗೋಡೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗ ಅದೇ.

ಮೇ 1, ಗುರುವಾರ

ರಜೆ. ಆದರೂ ಹದಿನೆಂಟು ಜನ ಬಂದರು. ಬದಲಿಗೆ ಮುಂದಿನ ಬುಧವಾರ ರಜೆ ಎಂದು ಕೋಮಲಾ ನಿನ್ನೆಯೇ ಯಜಮಾನರ ಬಾಯಿಂದ ಹೇಳಿಸಿದ್ದಳು. ಬೆಟ್ಟಮ್ಮ ಬೆಂಕಿಪೊಟ್ಟಣ ಹಿಡಿದು ಉಳಿದ ಮೆಷಿನ್ನುಗಳಿಗೆ ಬೊಟ್ಟು ಇಡುತ್ತ ಹೋದರು. ನಾನು ಹಿಂದೆ ಪಾಕೀಟು ಹಿಡಿದು ನಡೆದೆ. ಎಣ್ಣೆ ತಗುಲಿದರೆ ಅಂಟು ಬಿಡುತ್ತದೆ, ಮೊದಲು ಒಣಬಟ್ಟೆಯಲ್ಲಿ ಒರೆಸಬೇಕು. ಒರೆಸುವುದು ನನ್ನ ಕೆಲಸ.

“ಕೆರೆದ ಕೈಯೇ ಒರೆಸ್ಲಿ” ಎಂದಳು ಕೋಮಲಾ.

ಕಾರ್ಮಿಕರ ದಿನಕ್ಕೆಂದು ಒಂದು ಭಾಷಣ ಬರೆದಿಟ್ಟಿದ್ದೆ. ಈಗ ಕೂತು ತಾರೀಕು ಬರೆಯುವಾಗ ನೆನಪಾಯಿತು. ಟ್ರಂಕಿನಲ್ಲೇ ಇದೆ.

ಮೇ 5, ಸೋಮವಾರ

ನಲವತ್ತಕ್ಕೆ ಮೂವತ್ತೊಂಬತ್ತು. ಒಂದಕ್ಕೆ ಗುಂಡಿ ಸಡಿಲ.

ನಿಸರ್ಗ ಟೇಪು ಸುತ್ತಿಟ್ಟು ಮೆಷಿನ್ನುಗಳ ಸಾಲಿನಲ್ಲಿ ನಡೆದಳು. ಬೊಟ್ಟು ನೋಡಿದಳು. ಬಗ್ಗಿ ಬೆರಳು ಆಡಿಸಿದಳು. ಅವಳಿಗೆ ಅರ್ಥವಾಗಲು ನನಗೆ ಬೇಕಾದಷ್ಟು ದಿನ ಬೇಕಾಗಲಿಲ್ಲ.

“ಇದು ಯಾರ ಐಡಿಯಾ?”

ಹಳೆಯ ಅಭ್ಯಾಸ, ಎಲ್ಲರೂ ತಲೆ ತಗ್ಗಿಸಿದರು. ಒಬ್ಬೊಬ್ಬರೇ ಗೋಡೆಯ ಕಾಗದದ ಕಡೆ ಕಣ್ಣು ಹಾಯಿಸಿದರು. ಆಮೇಲೆ ಕೋಮಲಾ, “ನಮ್ ಬೆಟ್ಟಕ್ಕಂದು” ಎಂದಳು. ಗಟ್ಟಿಯಾಗಿ.

“ನಮಗೆ ಹೊಲಿಯೋ ಬೇರೆ ಕಡೆಯವರಿಗೂ ಇದನ್ನ ಹೇಳ್ಕೊಡಬಹುದಾ ಅಮ್ಮ?”

ಬೆಟ್ಟಮ್ಮ ಯೋಚಿಸಿದರು. “ಹೇಳವ್ವ, ಅದ್ಕೇನಂತೆ. ಆದ್ರೆ ಬೊಟ್ಟೊಂದೇ ಹೇಳ್ಬ್ಯಾಡ. ಆ ಗೋಡೆ ಕಾಗ್ದಾನೂ ಹೇಳು.”

ಸಿಮೆಂಟಿನವನಿಗೆ ಯಜಮಾನರೇ ಫೋನ್ ಮಾಡಿದರು. ಬಾಗಿಲು ಹಾಕಿಕೊಂಡು ಮಾತಾಡಿದರೂ ಅವರ ನಗು ಹೊರಗೆ ಕೇಳಿಸಿತು.

ಮೇ 6, ಮಂಗಳವಾರ

ಕಂಪನಿಗೆ ಕಳಿಸಲು ನನ್ನ ಸಲಹೆ ನಮೂನೆಯನ್ನೇ ತುಂಬಬೇಕಿತ್ತು. ಸಲಹೆ ಏನು, ಬರೆದೆ. ಉಳಿಯುವ ಸಮಯ, ಬರೆದೆ. ಸಲಹೆ ನೀಡಿದವರ ಹೆಸರು ಎನ್ನುವಲ್ಲಿ ಬೆಟ್ಟಮ್ಮ ನನ್ನ ಪೆನ್ನು ಹಿಡಿದರು.

“ನನ್ ಹೆಸ್ರು ಬ್ಯಾಡ. ಅವ್ರದ್ ಬರಿ.”

“ಯಾರದು?”

“ಅವ್ರದೇ. ಪಾಕೀಟು ತಂದಿದ್ದು ಅವ್ರು.”

ಒಮ್ಮೆ ಅರಕಲಗೂಡಿನ ಸಂತೆಯಿಂದ ಗಂಡ ಒಂದು ಡಜನ್ ಪಾಕೀಟು ಒಟ್ಟಿಗೆ ತಂದಿದ್ದರಂತೆ. “ಎರಡ್ ವರ್ಷಕ್ ಆಯ್ತದೆ ತಕೊ ಅಂದ್ರು. ಎರಡ್ ಪಾಕೀಟು ಮುಗಿಯೋವತ್ಗೆ ಓಗ್ಬುಟ್ರು. ಇನ್ನತ್ತು ಉಳ್ಕಂಡ್ವು. ಇಡ್ಕಳಂಗಿಲ್ಲ, ಎಸಿಯಕ್ ಮನಸ್ ಬರಲ್ಲ. ಒಂದಿನ ಹೊಲಿತಾ ಕೂತಿದ್ದೆ, ಇಲ್ಲಿ ಅಂಟ್ಸಿದೆ. ಅಷ್ಟೇ ಕಣಪ್ಪ. ಬಟ್ಟೆ ಬಂದು ತಾಗ್ತು.” ಆ ಹತ್ತು ಪಾಕೀಟು ಆರು ವರ್ಷ ಬಂದವು. ಕೊನೆಯದರಿಂದ ಅಂಟಿಸಿದ್ದವು ಹೋದ ತಿಂಗಳು ಸೀಮೆಎಣ್ಣೆ ಬಟ್ಟೆಗೆ ಹೋದವು. ಫ್ಯಾನ್ಸಿ ಸ್ಟೋರಿನಲ್ಲಿ ಆಕೆ ಆರಿಸುತ್ತಿದ್ದದ್ದು ಆರು ವರ್ಷದಲ್ಲಿ ತಾನಾಗಿ ಕೊಂಡ ಮೊದಲ ಪಾಕೀಟು.

“ಅವರ ಹೆಸರು ಹೇಳಿ” ಎಂದೆ.

ಬೆಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಗಂಡನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ, ಈಗಲೂ. “ಕೋಮಲಾ, ನೀನೇ ಹೇಳವ್ವ.”

“ನಂಜಯ್ಯ ಸಾ” ಎಂದಳು ಕೋಮಲಾ.

ನಂಜಯ್ಯ ಎಂದು ಬರೆದು, ಪಕ್ಕದಲ್ಲಿ ಬೆಟ್ಟಮ್ಮ ಎಂದೂ ಬರೆದೆ. ನಮೂನೆಯಲ್ಲಿ ಒಂದು ಹೆಸರಿಗಷ್ಟೇ ಜಾಗ ಬಿಟ್ಟಿದ್ದೆ. ಅಕ್ಷರ ಚಿಕ್ಕದು ಮಾಡಿದ್ದರಿಂದ ಹಿಡಿಸಿತು.

ನಾಳೆ ರಜೆ, ಹಾಸನಕ್ಕೆ ಹೋಗುತ್ತೇನೆ. ತರಬೇಕಾದ್ದು: ಮೆಷಿನ್ ಎಣ್ಣೆ, ಎರಡು ಫ್ಯಾನು, ಸ್ಟಿಕ್ಕರ್ ಪಾಕೀಟು ಒಂದು ಡಜನ್. ಮರೂನ್, ಮಖಮಲ್ಲಿನದೇ ಇರಬೇಕು. ಕಲ್ಲು ಕೂರಿಸಿದ್ದು ಬೇಡ, ಬಟ್ಟೆ ಸಿಕ್ಕಿಕೊಳ್ಳುತ್ತದಂತೆ.